ಕಿಟಕಿಯಾಚೆಯಿಂದ ಗೆದ್ದ ಕೋಟೆ

ಆಫೀಸಿನಲ್ಲಿ ಯಾರಾದರೂ ಕೀಬೋರ್ಡ್ ಒರೆಸಿದರೆ ಈಗಲೂ ನನ್ನ ಬೆರಳುಗಳು ಮಡಚಿಕೊಳ್ಳುತ್ತವೆ.

ನಾನು ಚಿಕ್ಕವಳಿದ್ದಾಗ ಹುಕ್ಕೇರಿಯಲ್ಲಿ ಗೆಳತಿ ಶೈಲಾಳ ಮನೆಗೆ ಹಳೆಯದೊಂದು ಕಂಪ್ಯೂಟರ್ ಬಂದಿತ್ತು. ಅದರ ಆಟದಲ್ಲಿ ಗ್ರೀಕ್ ದೇವತೆಗಳು ಪ್ರಶ್ನೆ ಕೇಳುತ್ತಿದ್ದರು. ಸರಿಯುತ್ತರ ಕೊಟ್ಟರೆ ಒಂದು ಕೋಟೆ ನಮ್ಮದು. ನಮ್ಮ ಕೇರಿಯವರನ್ನು ಆ ಮನೆಯೊಳಗೆ ಬಿಡುತ್ತಿರಲಿಲ್ಲ. ನಾನು ಕಿಟಕಿಯಾಚೆ ನಿಂತು ಉತ್ತರ ಹೇಳುತ್ತಿದ್ದೆ, ಅವಳು ಒತ್ತುತ್ತಿದ್ದಳು.

ಅಂದು ಮಧ್ಯಾಹ್ನ ಒಂದೇ ಕೋಟೆ ಉಳಿದಿತ್ತು. ಶೈಲಾ ಕೀಬೋರ್ಡನ್ನೇ ಕಿಟಕಿಗೆ ಹಿಡಿದಳು. "ಗೆದ್ದಾಕಿ ನೀನ, ನೀನ ಒತ್ತು."

ಸರಳುಗಳ ನಡುವೆ ಕೈ ತೂರಿಸಿ ಒತ್ತಿದೆ. ಗೆದ್ದೆವು.

ಅವಳ ಅವ್ವ ನೋಡಿಬಿಟ್ಟರು. ಬೈಯಲಿಲ್ಲ. ತಂಬಿಗೆಯ ನೀರನ್ನು ಕೀಬೋರ್ಡಿನ ಮೇಲೆ ಚಿಮುಕಿಸಿ, ಒಂದೊಂದು ಕೀಯನ್ನೂ ತಿಕ್ಕಿ ಒರೆಸಿದರು. ಮರುದಿನ ಅದು ಕೆಟ್ಟು ನಿಂತಿತ್ತು.

"ನೋಡು, ಆಕಿ ಮುಟ್ಟಿದ್ದಕ್ಕ ಹಿಂಗಾತು," ಎಂದರು ಮಗಳಿಗೆ.

ನೀರು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದ ಶೈಲಾ, ಕಿಟಕಿಯಾಚೆ ನಿಂತಿದ್ದ ನನ್ನನ್ನೇ ನೋಡುತ್ತ, ಹೌದೆಂದು ತಲೆಯಾಡಿಸಿದಳು.