ಗೋಡೆಯ ಮೇಲಿನ ಕಡಲು

ಆ ಫ್ರೆಂಚ್ ವರ್ಣಚಿತ್ರದ ತುಂಬ ಬಿಸಿಲು. ಒಂದು ಕೋಣೆ, ತೆರೆದ ಕಿಟಕಿ, ಆಚೆಗೆ ಕಡಲು. ಯುದ್ಧಕಾಲದಲ್ಲಿ ಅದು ತನ್ನ ಮನೆಯಿಂದ ಹೋಯಿತೆಂದು ಮುದುಕಿ ಕಂಡಕಂಡವರಿಗೆ ಹೇಳಿ ಸೋತಿದ್ದಳು. ಹೌದೆನ್ನಲು ಮನೆಯವರು ಯಾರೂ ಉಳಿದಿರಲಿಲ್ಲ, ಕೋರ್ಟೂ ಕೈಚೆಲ್ಲಿತ್ತು. ಕಡೆಗೆ, ಚಿತ್ರ ಇಟ್ಟುಕೊಂಡವನ ಬಾಗಿಲಿಗೇ ಬಂದಳು.

"ಸುಮ್ನೆ ಯಾಕೆ ಒದ್ದಾಡ್ತೀರಿ ಅಜ್ಜಿ? ಇದು ನಮ್ಮ ತಾತಂದು. ನೋಡಿ, ಯುದ್ಧದ ಟೈಮಲ್ಲಿ ತೆಗೆದ ಫೋಟೊ," ಎಂದು ಅವನು ಮರುಕದಿಂದಲೇ ತೋರಿಸಿದ.

ಸೇನೆಯ ಸಮವಸ್ತ್ರ ತೊಟ್ಟ ತಾತ ಊಟದ ಮೇಜಿಗೆ ಕೂತು ನಗುತ್ತಿದ್ದ. ಹಿಂದಿನ ಗೋಡೆಯಲ್ಲಿ ಅದೇ ಚಿತ್ರ.

ಮುದುಕಿ ಬಹಳ ಹೊತ್ತು ನೋಡಿದಳು.

"ಈಗ ನಂಬ್ತೀರಾ?"

"ನಂಬ್ದೆ ಏನಪ್ಪ. ಉಣ್ಣೋಕೆ ಕೂತವರನ್ನ ಎಬ್ಬಿಸಬಾರದು ಅಂತಾರೆ. ಅವತ್ತು ನಮ್ಮನ್ನ ಎಬ್ಬಿಸಿದ್ದು ಈ ಮೇಜಿಂದಲೇ. ನಿಮ್ಮ ತಾತನ ಪಕ್ಕ ಇದೆಯಲ್ಲ, ಆ ಅರ್ಧ ಉಂಡ ತಟ್ಟೆ ನಂದು."