ಬೀಗ ಬಿದ್ದ ಮೇಲಿನ ಚಹಾ

ಕಚೇರಿಯಲ್ಲಿ ಬೀಗ ಹಾಕಿಸಿ ಬಂದ ಮರುದಿನದಿಂದ ಮಲ್ಲೇಶಿ ತಾನೇ ಎದ್ದು ಚಹಾ ಮಾಡತೊಡಗಿದಾಗ ಹೆಂಡತಿ ಕಸ್ತೂರಿಗೆ ಸಂಶಯ ಹತ್ತಿತು.

ಐದು ವರ್ಷಕ್ಕೊಮ್ಮೆ ಎಲ್ಲ ದಂಪತಿಗಳೂ ಮಾಡುವಂತೆ, ಅವರಿಬ್ಬರೂ ಈ ಸಂಸಾರ ‘ಬೇಕು’ ಅಥವಾ ‘ಬೇಡ’ ಎಂದು ಒಬ್ಬರಿಗೊಬ್ಬರು ಕಾಣದಂತೆ ಬರೆದು ತಂತಮ್ಮ ಡಬ್ಬಿಗೆ ಹಾಕಿ ಬೀಗ ಹಾಕಿಸಿದ್ದರು. ಹತ್ತನೆಯ ದಿನ ಎರಡನ್ನೂ ಒಟ್ಟಿಗೆ ತೆರೆಯುತ್ತಾರೆ. ಅಲ್ಲಿಯವರೆಗೆ ಒಂದಕ್ಷರ ತಿದ್ದಲು ಬ್ರಹ್ಮನಿಂದಲೂ ಆಗದು. ಒಂದು ‘ಬೇಡ’ ಬಂದರೂ ಮದುವೆ ಮುಗಿಯಿತು.

ಇನ್ನು ತನ್ನನ್ನು ಒಲಿಸಿ ಉಪಯೋಗವಿಲ್ಲ, ಮತ್ತೇಕೆ ಈ ಉಪಚಾರ? ‘ಬೇಡ’ ಅಂತ ಬರೆದು ಬಂದ ಪಾಪಕ್ಕೆ ಪ್ರಾಯಶ್ಚಿತ್ತವಿರಬೇಕು ಅಂದುಕೊಂಡಳು. ಚಹಾದ ಲೋಟವನ್ನು ಹಾಗೇ ಪಕ್ಕಕ್ಕೆ ಸರಿಸಿದಳು.

ಹತ್ತನೆಯ ದಿನ ಕಚೇರಿಯ ಬೆಂಚಿನ ಮೇಲೆ ಕೂತಾಗ ಕೇಳಿಯೇಬಿಟ್ಟಳು.

“ಖರೇ ಹೇಳ್ರಿ. ಐದು ವರ್ಷ ಒಂದು ಲೋಟಾ ಎತ್ತಿ ಇಡಲಾರದವರು ಈಗ್ಯಾಕ ಇಷ್ಟು ನಾಟಕ ಮಾಡಾಕತ್ತೀರಿ?”

“ನಾಟಕಲ್ಲ ಅದು. ಬೀಗ ಬೀಳೂ ಮೊದಲ ಮಾಡಿದ್ರ ಲಂಚ ಅಂತಿದ್ದಿ. ಅದಕ್ಕ ತಡಕೊಂಡಿದ್ದೆ. ಈಗಾದ್ರೂ ನಂಬ್ತೀ ಇಲ್ಲೋ?”

ಕಸ್ತೂರಿ ನಂಬಿದಳು. ಅಷ್ಟರಲ್ಲಿ ಗುಮಾಸ್ತ ಒಳಗಿನಿಂದ ಅವರ ಹೆಸರು ಕೂಗಿದ. ಮಲ್ಲೇಶಿ ನಗುತ್ತಾ ಎದ್ದು ಕೈ ಚಾಚಿದ. ಅವಳು ಬೆಂಚನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

“ರೀ, ನನ್ನ ಡಬ್ಬಿ ತಗಸಬ್ಯಾಡ್ರಿ.”