ಚಳಿಯಲ್ಲಿ ನಿಂತವರು

“ಅತ್ತೆ, ನೀವೇ ಹೇಳಿ. ಸಮುದ್ರದ ಮೇಲೆ ಕಟ್ಟಿರೋ ಕಾಟೇಜಾ, ತೋಟದೊಳಗಿನ ವಿಲ್ಲಾನಾ?” ಅರ್ಪಿತಾ ಲ್ಯಾಪ್‌ಟಾಪನ್ನು ಸಾವಿತ್ರಮ್ಮನವರ ಕಡೆ ತಿರುಗಿಸಿದಳು. ಬಾರ್ಬಡೋಸಿನ ಕಡಲು ಅವರ ಕನ್ನಡಕದ ಗಾಜಿನ ತುಂಬ ನೀಲಿಯಾಗಿ ಹರಡಿತು.

“ತೋಟದ್ದೇ ತಗೊಳ್ಳಿ. ನಿನ್ನ ಗಂಡ ಊಟಿ ಕೆರೇಲಿ ದೋಣಿ ಹತ್ತಿದ್ದಕ್ಕೇ ವಾಂತಿ ಮಾಡ್ಕೊಂಡೋನು.”

“ಅಮ್ಮಾ!” ಎಂದ ಕಿರಣ್.

“ರೈಸ್ ಕುಕ್ಕರ್ ಇಡಕ್ಕೆ ಬಿಡ್ತಾರಾ ಕೇಳಿ.”

“ಅತ್ತೆ, ಅದು ಫೈವ್ ಸ್ಟಾರ್ ರೆಸಾರ್ಟು!”

“ಆದ್ರೇನು, ಅನ್ನ ಬೇಡ್ವಾ?”

ಮೂವರೂ ನಕ್ಕರು. ಹೋಗಿಬನ್ನಿ ಎಂದು ಮೊದಲು ಹೇಳಿದವರೇ ಸಾವಿತ್ರಮ್ಮ. ಮಗನ ಮನೆಗೆಂದು ಕಡಲಾಚೆಯ ಈ ಸ್ಯಾಂಟ್ರಿ ಊರಿಗೆ ಬಂದವರು ಕೊರೊನಾದಲ್ಲಿ ವಿಮಾನ ನಿಂತು ಇಲ್ಲೇ ಉಳಿದು ವರ್ಷವಾಗಿತ್ತು. ಆ ವರ್ಷವೆಲ್ಲ ಗಂಡ ಹೆಂಡತಿ ಇದೇ ಊಟದ ಮೇಜಿನಲ್ಲಿ ಆಫೀಸಿನ ಕೆಲಸ ಮಾಡಿ ಸೊರಗಿದ್ದನ್ನು ಅವರು ನೋಡಿದ್ದರು. ಐದು ಕಿಲೋಮೀಟರು ದಾಟಿದರೂ ಕಾರಣ ಕೇಳುವ ಪೊಲೀಸರು ಅಷ್ಟು ದೂರ ಹೇಗೆ ಬಿಡುತ್ತಾರೆ ಎಂದು ಅವರು ಕೇಳಿದಾಗ, “ಅದನ್ನ ನಾನು ನೋಡ್ಕೋತೀನಿ” ಎಂದಿದ್ದ ಕಿರಣ್.

ಚಹಾಕ್ಕೆ ನೀರಿಡಲು ಎದ್ದವರು ಕಿಟಕಿಯಾಚೆ ನೋಡಿ ನಿಂತರು. ಬೀದಿಯ ಜನರೆಲ್ಲ ಕಪ್ಪು ಕೋಟು ತೊಟ್ಟು, ದೂರ ದೂರ, ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಸಾವಿತ್ರಮ್ಮನವರಿಗೆ ಅರ್ಥವಾಯಿತು. ಕ್ರಿಸ್‌ಮಸ್‌ಗೆ ಮುಂಚೆ ಪಕ್ಕದ ಮನೆಯ ಬ್ರೀಡಾಳ ಗಂಡ ತೀರಿಕೊಂಡಾಗ ಚರ್ಚಿನೊಳಗೆ ಇಪ್ಪತ್ತೈದೇ ಜನರಿಗೆ ಅವಕಾಶವಿತ್ತು. ಉಳಿದವರು ಹೀಗೇ ರಸ್ತೆಯಲ್ಲಿ ನಿಂತು ಕಳಿಸಿಕೊಟ್ಟಿದ್ದರು. ಸಾವಿತ್ರಮ್ಮನವರೂ ಶಾಲು ಹೊದ್ದು ನಿಂತಿದ್ದರು.

“ಪಾಪ, ಯಾರೋ ಹೋಗ್ಬಿಟ್ರು ಅನ್ಸತ್ತೆ,” ಎನ್ನುತ್ತ ಮಾಸ್ಕು ಹಾಕಿಕೊಂಡು, ಅದೇ ಶಾಲು ಹೊದ್ದು, ಸಾಲಿನ ಕೊನೆಗೆ ನಿಲ್ಲಲೆಂದು ಬಾಗಿಲು ತೆರೆದರು.

ಗೇಟಿನ ಬಳಿ ಬ್ರೀಡಾ ಇದ್ದಳು. ಕೈಯಲ್ಲಿ ಸ್ಯಾಂಡ್‌ವಿಚ್ ತಟ್ಟೆ. ಈ ಮನೆಯವರು ಮೊಟ್ಟೆಯನ್ನೂ ತಿನ್ನುವುದಿಲ್ಲವೆಂದು ನೆನಪಿಟ್ಟು ಬರೀ ಸೌತೆಕಾಯಿ ಇಟ್ಟಿದ್ದಳು. ಸಾವಿತ್ರಮ್ಮನವರನ್ನು ಕಂಡವಳೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

“ಯಾರು ಹೋದರು, ಬ್ರೀಡಾ?” ಸಾವಿತ್ರಮ್ಮ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು.

ಬ್ರೀಡಾ ಒಂದು ಹೆಜ್ಜೆ ಹಿಂದೆ ಸರಿದಳು. “ನೀವು! ನಿನ್ನೆ ಕಿರಣ್ ಹಿತ್ತಲಲ್ಲಿ ಹೇಳ್ತಿದ್ದದ್ದು ಗೋಡೆಯಾಚೆಯಿಂದ ಕಿವಿಯಾರೆ ಕೇಳಿದೆ. ‘ನನ್ನ ತಾಯಿ ತೀರಿಕೊಂಡರು, ಅಂತ್ಯಸಂಸ್ಕಾರಕ್ಕೆ ಹೋಗಲೇಬೇಕು’ ಅಂತ, ಮತ್ತೆ ಮತ್ತೆ. ನಾನೇ ಎಲ್ಲರಿಗೂ ಹೇಳಿದೆ.”

ಸಾವಿತ್ರಮ್ಮ ತಿರುಗಿ ನೋಡಿದರು. ಬಾಗಿಲಲ್ಲಿ ಕಿರಣ್ ಬಿಳಿಚಿಕೊಂಡು ನಿಂತಿದ್ದ.

“ಏರ್‌ಪೋರ್ಟಲ್ಲಿ ಪೊಲೀಸರು ಕೇಳಿದ್ರೆ ಹೇಳಕ್ಕೆ ಅಂತ, ಅತ್ತೆ,” ಅವನ ಹಿಂದಿನಿಂದ ಅರ್ಪಿತಾಳ ದನಿ ಬಂತು. “ಬರೀ ಪ್ರಾಕ್ಟೀಸ್ ಮಾಡ್ತಿದ್ವಿ. ನಿಮಗೆ ಕೇಳಿಸಬಾರ್ದು ಅಂತಾನೇ ಹೊರಗೆ ಹೋಗಿದ್ದು.”

ಬ್ರೀಡಾಳ ಕೈಯಿಂದ ತಟ್ಟೆ ಜಾರುವ ಮೊದಲೇ ಸಾವಿತ್ರಮ್ಮ ಅದನ್ನು ತೆಗೆದುಕೊಂಡರು. ಬ್ರೆಡ್ಡಿನ ಅಂಚನ್ನೆಲ್ಲ ಕತ್ತರಿಸಿದ್ದಳು. ಸಾವಿತ್ರಮ್ಮನವರ ಹಲ್ಲಿಗೆ ಅದು ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಸತ್ತವರಿಗೆ ಇನ್ನು ಅದು ಬೇಕಿಲ್ಲವೆಂದು ಹೊಳೆಯದೆ, ಅಭ್ಯಾಸದಿಂದ ಕತ್ತರಿಸಿದ್ದಿರಬೇಕು.

ಸಾಲಿನ ತುದಿಯಲ್ಲಿದ್ದ ಮುದುಕನಿಗೆ ಕಣ್ಣು ಮಂದ. ಬಾಗಿಲಲ್ಲಿ ಮಗ ಕಾಣಿಸಿಕೊಂಡದ್ದಷ್ಟೇ ತಿಳಿಯಿತು. ಅವನು ಟೋಪಿ ತೆಗೆದು ಎದೆಗಿಟ್ಟುಕೊಂಡು, ಆ ಊರಿನವರು ಸಾವಿನ ಮನೆಯಲ್ಲಿ ಹೇಳುವ ಮಾತನ್ನು ಹೇಳಿದ: “ಸಾರಿ ಫಾರ್ ಯುವರ್ ಟ್ರಬಲ್, ಕಿರಣ್.”

ಕಿರಣ್ ತಲೆ ತಗ್ಗಿಸಿದ.

“ಥ್ಯಾಂಕ್ಸ್ ಹೇಳಪ್ಪ,” ಎಂದರು ಸಾವಿತ್ರಮ್ಮ, ತಟ್ಟೆ ಹಿಡಿದುಕೊಂಡೇ. “ಪಾಪ, ಚಳೀಲಿ ನಿಂತಿದಾರೆ.”